ಹೊಣೆ ಹೊರುವ ಸಚಿವರು

ನಮ್ಮ ಇಲಾಖೆಯ ಸಚಿವ ಹಾರ್ಟ್‌ನೊಲ್ ಅವರಷ್ಟು ಚೆನ್ನಾಗಿ ತಪ್ಪು ಒಪ್ಪಿಕೊಳ್ಳುವವರು ಲಂಡನ್ನಿನಲ್ಲಿ ಇನ್ನೊಬ್ಬರಿಲ್ಲ. ರೈಲು ತಡವಾಗಲಿ, ಸೇತುವೆ ಬಿರುಕು ಬಿಡಲಿ, ಅವರು ಸಂಸತ್ತಿನಲ್ಲಿ ಎದ್ದು ನಿಂತು, ಕನ್ನಡಕ ತೆಗೆದು, “ಹೊಣೆ ನನ್ನದೇ” ಎನ್ನುತ್ತಾರೆ. ವಿರೋಧ ಪಕ್ಷದವರೂ ತಲೆದೂಗುತ್ತಾರೆ. ಕಚೇರಿಗೆ ಮರಳಿದ ಕೂಡಲೇ ದಪ್ಪ ಕಾಗದದ ಮೇಲೆ ರಾಜೀನಾಮೆ ಬರೆದು, ಪ್ರಧಾನಿಯವರಿಗೆ ಫೋನ್ ಮಾಡಿಸುತ್ತಾರೆ. “ಬೇಡ, ನೀನು ಇರಪ್ಪಾ” ಎಂಬ ಉತ್ತರ ಬರುವವರೆಗೆ ಚಹಾದಲ್ಲಿ ಬಿಸ್ಕತ್ತು ಅದ್ದುತ್ತಾ ಕೂರುತ್ತಾರೆ. “ಇದು ಎಷ್ಟನೇ ರಾಜೀನಾಮೆ ಸಾರ್?” ಎಂದು ಹಿರಿಯ ಅಧಿಕಾರಿ ಮಿಸೆಸ್ ಪಾಸ್ಕ್ ಕೇಳಿದರೆ, “ಅದೆಲ್ಲ ಬಿಡಿ ಮೇಡಂ, ಅಕ್ಷರ ದುಂಡಗಿದೆಯಾ ನೋಡಿ” ಎಂದು ನಗುತ್ತಾರೆ. ಕಳೆದ ವಾರ ದೋಣಿ ನಿಲ್ದಾಣದ ಕಟ್ಟೆ ಕುಸಿದು ಜನ ನೀರಿಗೆ ಬಿದ್ದಾಗ ಮಾತ್ರ ಪ್ರಧಾನಿಯವರ ಉತ್ತರ ಬೇರೆಯಾಗಿತ್ತು: “ನೀನು ಇರು, ಆದ್ರೆ ಯಾರಾದ್ರೂ ಹೋಗ್ಲೇಬೇಕು.” ಆ ಕಟ್ಟೆ ಶಿಥಿಲವಾಗಿದೆ ಎಂದು ತಿಂಗಳ ಹಿಂದೆಯೇ ಟಿಪ್ಪಣಿ ಬರೆದಿದ್ದವರು ಮಿಸೆಸ್ ಪಾಸ್ಕ್. ಸಚಿವರು ಅವರ ಮುಖ ನೋಡದೆ, “ನಿಮ್ಮ ಟಿಪ್ಪಣಿ ನನಗೆ ಬರಲೇ ಇಲ್ವಲ್ಲ ಮೇಡಂ” ಎಂದರು. “ಕಳಿಸಿದ್ದೆ ಸಾರ್,” ಎಂದರು ಆಕೆ. ಸಚಿವರು ಅಲ್ಲೇ ನಿಂತಿದ್ದ ಕಚೇರಿ ಗುಮಾಸ್ತರಾದ ನಮ್ಮ ಕಡೆ ತಿರುಗಿ, “ನಿಮ್ಮಲ್ಲಿ ಯಾರಾದ್ರೂ ನೋಡಿದ್ರಾ?” ಎಂದು ಮೆಲ್ಲಗೆ ಕೇಳಿದರು. ಅವರು ಸಂಜೆ ಮನೆಗೆ ಒಯ್ಯುವ ಕೆಂಪು ಪೆಟ್ಟಿಗೆಯಲ್ಲಿ ಆ ಟಿಪ್ಪಣಿಯನ್ನು ಎಲ್ಲ ಕಾಗದಗಳ ಮೇಲೆ ಇಟ್ಟವನು ನಾನು. ಮರುದಿನ ಅದು ಅವರ ಸಹಿಯೊಂದಿಗೆ ಮರಳಿದ್ದನ್ನು ಕಂಡವನೂ ನಾನೇ. ಮಿಸೆಸ್ ಪಾಸ್ಕ್ ನನ್ನನ್ನೇ ನೋಡುತ್ತಿದ್ದರು. ನಾನು ನೆಲ ನೋಡುತ್ತಾ, “ಇಲ್ಲ ಸಾರ್” ಎಂದೆ.