ಕೆರೆ ತುಂಬಿದ ವರ್ಷ ಸಾಯಬೇಕಿದ್ದವನು

ಚಿಕ್ಕನರಸಯ್ಯನಿಗೆ ಸಾವಿನ ಭಯವಿರಲಿಲ್ಲ. ಯಾವ ವರ್ಷ ಸಾಯುತ್ತೇನೆ ಅನ್ನುವುದೊಂದೇ ಚಿಂತೆ. ಮಳೆ ಚೆನ್ನಾಗಿ ಆದ ವರ್ಷ ಹೋದರೆ ಹೆಂಡತಿ ಸರಸಮ್ಮನ ಪಕ್ಕದಲ್ಲಿ ಮಣ್ಣು ಸಿಗುತ್ತದೆ. ಮಳೆ ಕೈಕೊಟ್ಟ ವರ್ಷ ಹೋದರೆ ಸುಡುತ್ತಾರೆ. ನಾಗಲಮಡಿಕೆ ಪಕ್ಕದ ನಮ್ಮೂರಲ್ಲಿ ಇದು ಮಕ್ಕಳಿಗೂ ಗೊತ್ತಿದ್ದ ಮಾತು.

ಕಾರಣ ಅವನ ಮೈಮೇಲಿನ ತೊನ್ನು. ನಲವತ್ತು ದಾಟಿದ ಮೇಲೆ ತುಟಿಯಂಚಿನಲ್ಲಿ ಬೆಳ್ಳಗೆ ಒಂದು ಚುಕ್ಕೆ ಕಾಣಿಸಿತು. ಆಮೇಲೆ ಕೈ, ಕುತ್ತಿಗೆ, ಪಾದ. ನೋವಿಲ್ಲ, ತುರಿಕೆಯಿಲ್ಲ, ಒಬ್ಬರಿಂದ ಇನ್ನೊಬ್ಬರಿಗೆ ಹತ್ತುವ ರೋಗವೂ ಅಲ್ಲ. ಆದರೆ ನಮ್ಮ ಕಡೆ ಒಂದು ನಂಬಿಕೆ ಉಂಟು. ತೊನ್ನಿದ್ದವರನ್ನು ಹೂತರೆ ಭೂಮಿತಾಯಿ ಒಪ್ಪುವುದಿಲ್ಲವಂತೆ, ಬರುವ ಮಳೆ ಹಿಂದಕ್ಕೆ ಹೋಗುತ್ತದಂತೆ. ಹೂತ ಹೆಣವನ್ನು ಮತ್ತೆ ಅಗೆದು ತೆಗೆದು ಸುಟ್ಟ ಕತೆಗಳನ್ನು ಕೇಳಿಕೊಂಡೇ ನಾವು ಬೆಳೆದವರು. ಅವನ ಪಕ್ಕದ ಹೊಲದವನಾದ ನನಗೆ ಇದನ್ನು ಕೇಳಿದಾಗಲೆಲ್ಲ ಮೈ ಉರಿಯುತ್ತದೆ. ಮೋಡವೇನು ಹೆಣದ ಚರ್ಮ ನೋಡಿಕೊಂಡು ಬರುತ್ತದೆಯೇ? ಆದರೆ ಉರಿದುಕೊಂಡು ಮಾಡುವುದೇನು? ಬಯಲುಸೀಮೆಯಲ್ಲಿ ಮಳೆಯ ವಿಷಯಕ್ಕೆ ವಾದಕ್ಕಿಳಿದು ಗೆದ್ದವರಿಲ್ಲ. ಇನ್ನೂ ಸಿಟ್ಟು ಬರುವ ಸಂಗತಿಯೆಂದರೆ, ಚಿಕ್ಕನರಸಯ್ಯನೇ ಅದನ್ನು ನಂಬಿದ್ದ.

ಸರಸಮ್ಮನನ್ನು ಹೊಲದ ಹೊಳೆಯಂಚಿನಲ್ಲಿ ಮಣ್ಣು ಮಾಡಿದ ದಿನ, ಎಲ್ಲರೂ ಕೈಕಾಲು ತೊಳೆಯುತ್ತಿರುವಾಗ, ಅವನು ನಮ್ಮ ಕೇರಿಯ ಯಜಮಾನ ದಾಸಯ್ಯನನ್ನು ಹಿಡಿದುಕೊಂಡ.

"ದಾಸಯ್ಯ, ನನ್ನೂ ಇಲ್ಲೇ ಮಡಗ್ರಪ್ಪ."

"ಹೆಂಗ್ಲಾ ಮಡಗೋದು? ನಾಳೆ ಮಳೆ ಹೋದ್ರೆ ಊರೋರೆಲ್ಲಾ ಗುದ್ಲಿ ಹಿಡ್ಕಂಡು ನಿನ್ ಗುಡ್ಡೆ ತಾವ್ಕೇ ಬತ್ತಾರೆ."

"ಕೆರೆ ಕೋಡಿ ಬಿದ್ದ ವರ್ಸ ಸತ್ರೆ? ಆವಾಗ ಮಳೆ ಬಂದ್ಬುಟ್ಟಿರ್ತದಲ್ಲ. ಬಂದ ಮಳೆ ಹೆಂಗೆ ಹಿಂದಕ್ಕೆ ಹೋಯ್ತದೆ?"

ಆ ಮಾತಿನಲ್ಲಿ ದಾಸಯ್ಯನಿಗೆ ತಪ್ಪು ಸಿಗಲಿಲ್ಲ. "ಅಂಗಾದ್ರೆ ಆಗ್ಲಿ ಬುಡು," ಅಂದ. ಅಲ್ಲಿದ್ದವರೆಲ್ಲ ತಲೆಯಾಡಿಸಿದರು.

ಅವತ್ತಿನಿಂದ ಚಿಕ್ಕನರಸಯ್ಯ ಆಕಾಶ ನೋಡುವುದನ್ನು ಕಸುಬು ಮಾಡಿಕೊಂಡ. ನಮ್ಮ ಆಕಾಶದಲ್ಲಿ ನೋಡುವುದಾದರೂ ಏನಿದೆ? ಬೇಸಿಗೆಯಲ್ಲಿ ಬಂಡೆಯ ಮೇಲೆ ಹಪ್ಪಳ ಸುಡಬಹುದು. ರೋಹಿಣಿಯಲ್ಲಿ ಒಂದು ಗುಡುಗು, ಎರಡು ಹನಿ. ಆಷಾಢದಲ್ಲಿ ಗಾಳಿ ಎದ್ದು, ನಮ್ಮ ನೆತ್ತಿಯ ಮೇಲೇ ಹಾದು, ಮೋಡವನ್ನೆಲ್ಲ ಆಂಧ್ರಕ್ಕೆ ಹೊಡೆದುಕೊಂಡು ಹೋಗುತ್ತದೆ. ಕಡಲೆಕಾಯಿ ಬಿತ್ತಿದವನು ಅದನ್ನು ಬಾಯಿ ಬಿಟ್ಟುಕೊಂಡು ನೋಡುತ್ತಾನೆ. ಹೀಗಿರುವಲ್ಲಿ ಕೆರೆ ಕೋಡಿ ಬೀಳುವ ವರ್ಷಕ್ಕೆ ಸಾವನ್ನು ಹೊಂದಿಸಿಕೊಳ್ಳುತ್ತೇನೆಂದು ಕೂತಿದ್ದನಲ್ಲ, ಅವನ ಧೈರ್ಯವನ್ನು ಮೆಚ್ಚಬೇಕು. ಅರಳಿಕಟ್ಟೆಯಲ್ಲಿ ಹುಡುಗರು ಕೆಣಕುತ್ತಿದ್ದರು.

"ಏನ್ ತಾತ, ಈ ವರ್ಸ ಹೊಲ್ಡ್ತೀಯಾ?"

"ಆರಿದ್ರೆ ಮಳೆ ನೋಡ್ಕಂಡು ಹೇಳ್ತೀನಿ ಕಣ್ಲಾ!"

ಎಲ್ಲರೂ ನಗುತ್ತಿದ್ದರು, ಅವನೂ ನಗುತ್ತಿದ್ದ.

ಹೋದ ವರ್ಷ, ಅಂದರೆ ಎರಡು ಸಾವಿರದ ಇಪ್ಪತ್ತೆರಡರಲ್ಲಿ, ಮಳೆರಾಯ ದಾರಿ ತಪ್ಪಿ ನಮ್ಮ ಕಡೆ ಬಂದುಬಿಟ್ಟ. ಬೇಸಿಗೆಯಿಂದಲೇ ಹಿಡಿದುಕೊಂಡಿತು. ಕೆರೆ ತುಂಬಿ ಕೋಡಿ ಹರಿಯಿತು. ಉತ್ತರ ಪಿನಾಕಿನಿ ದಡದಿಂದ ದಡಕ್ಕೆ ಕೆಂಪಗೆ ಹೊರಳಿತು. ಸತ್ತ ಬೋರ್‌ವೆಲ್‌ಗಳು ಮೋಟರಿಲ್ಲದೆ ಉಕ್ಕಿದವು. ನಡುವೆ ಚಿಕ್ಕನರಸಯ್ಯನಿಗೆ ಚಳಿಜ್ವರ ಹಿಡಿದು ಎದೆ ಕಟ್ಟಿತು. ನಾನು ನೋಡಲು ಹೋದರೆ ಮದುವೆಗಂಡಿನ ಹಾಗೆ ಖುಷಿಯಾಗಿ ಮಲಗಿದ್ದ. ಮಾತ್ರೆ ಮುಟ್ಟಲಿಲ್ಲ, ಗಂಜಿ ಕುಡಿಯಲಿಲ್ಲ.

"ಕೇಳ್ತಾ ಐತಾ?" ಅಂತ ಕೋಡಿಯ ಸದ್ದಿನ ಕಡೆ ಬೆರಳು ತೋರಿಸಿದ. "ಒಳ್ಳೆ ಟೈಮು. ಗುಂಡಿ ಆಳ್ವಾಗಿ ತೆಗ್ಸು, ಮಣ್ಣು ಮೆತ್ತಗೈತೆ."

ಆದರೆ ಅವನ ಸೊಸೆ ಶ್ರೀಲತಾ ಅಂಗನವಾಡಿ ಟೀಚರು. ಮಾವ ಕಣ್ಣೆದುರು ಸಾಯುತ್ತಿದ್ದರೆ ಕೋಡಿಯ ಸದ್ದು ಕೇಳಿಕೊಂಡು ಕೂರುವವಳಲ್ಲ. ಗಂಡ ಭೀಮರಾಜುವಿಗೆ ಬೈದು, ಆಟೋ ತರಿಸಿ, ಬೇಡ ಬೇಡ ಅನ್ನುತ್ತಿದ್ದವನನ್ನು ಕಂಬಳಿಯಲ್ಲಿ ಸುತ್ತಿ ಪಾವಗಡದ ಆಸ್ಪತ್ರೆಗೆ ಸೇರಿಸಿದಳು. ಡಾಕ್ಟರು ನಿಮೋನಿಯಾ ಅಂದರು, ವಾಸಿ ಮಾಡಿ ಕಳಿಸಿದರು. ಆಟೋದಿಂದ ಇಳಿಯುವಾಗಲೇ ಅವನ ಮುಖ ಗಂಟಿಕ್ಕಿತ್ತು. ಸಿಟ್ಟು ಬಂದರೆ ನಮ್ಮವರ ಬಾಯಿಗೆ ತೆಲುಗು ಬರುತ್ತದೆ.

"ಎಂದುಕಮ್ಮಾ ಬತಿಕಿಂಚಿನಾವು?"

"ಯಾಕ್ ಬದುಕ್ಸಿದೆ ಅಂದ್ರೆ ಏನ್ ಹೇಳ್ಲಿ ಮಾವ? ಸಾಯಾಕೆ ಬುಟ್ಟು ನೋಡ್ತಾ ಕೂತ್ಕಳಾಕಾಯ್ತದಾ?" ಅಂತ ಶ್ರೀಲತಾ ಅತ್ತಳು. ಸಂಕ್ರಾಂತಿಯ ತನಕ ಅವಳನ್ನು ಅವನು ಮಾತಾಡಿಸಲಿಲ್ಲ. ಬದುಕಿಸಿದ್ದಕ್ಕೆ ಮುನಿಸಿಕೊಂಡವನನ್ನು ನಾನು ಕಂಡದ್ದು ಅವನೊಬ್ಬನನ್ನೇ.

ಹೋದ ವರ್ಷದ ಬಾಕಿಯನ್ನು ಮಳೆ ಈ ವರ್ಷ ವಸೂಲಿ ಮಾಡಿಕೊಂಡಿತು. ಬಿತ್ತನೆಗೆ ಆಸೆ ತೋರಿಸುವಷ್ಟು ಉದುರಿ, ಆಮೇಲೆ ಆಕಾಶ ಬಾಗಿಲು ಹಾಕಿಕೊಂಡಿತು. ಆಗಸ್ಟಿನಲ್ಲಿ ಏಪ್ರಿಲ್ಲಿನ ಬಿಸಿಲು. ಕಡಲೆಕಾಯಿ ಗಿಡ ಹೂವು ಬಿಟ್ಟು ಅಲ್ಲೇ ಮುದುರಿತು. ಚಿಕ್ಕನರಸಯ್ಯನಿಗೆ ಮತ್ತೆ ಉಸಿರು ಸಿಕ್ಕಿಹಾಕಿಕೊಳ್ಳತೊಡಗಿತು. ಈ ಸಲ ಅವನು ಬೇರೆಯೇ ಮನುಷ್ಯ. ಮಾತ್ರೆಯನ್ನು ಕೇಳಿ ನುಂಗುತ್ತಿದ್ದ. ಹಸಿವಿಲ್ಲದಿದ್ದರೂ ರಾಗಿಗಂಜಿ ಕಾಯಿಸಿಕೊಂಡು, ಕಣ್ಣು ಮುಚ್ಚಿ, ಒಂದೊಂದೇ ಗುಟುಕು ಇಳಿಸುತ್ತಿದ್ದ.

"ಆಸ್ಪತ್ರೆಗೆ ಕರ್ಕಂಡೋಗಮ್ಮ," ಅಂತ ಶ್ರೀಲತಾಳ ಕೈ ಹಿಡಿದುಕೊಂಡ. "ಒಂದು ಒಳ್ಳೆ ಮಳೆಗಾಲ ಬರೋಗಂಟ ಎಳುದ್ಬುಡ್ತೀನಿ."

ಕರೆದುಕೊಂಡು ಹೋದಳು. ಎರಡು ಸಲ ಹೋದಳು. ಹೃದಯವೇ ಸೋತಿದೆ, ಮನೆಯಲ್ಲೇ ನೋಡಿಕೊಳ್ಳಿ ಅಂದರು.

ಮಘೆ ಮಳೆ ಬಂದಷ್ಟೂ ಒಳ್ಳೆಯದು, ಮನೆ ಮಗ ಉಂಡಷ್ಟೂ ಒಳ್ಳೆಯದು ಅನ್ನುತ್ತಾರೆ. ಈ ಸಲದ ಮಘೆಯಲ್ಲಿ ಒಂದು ಹನಿ ಬೀಳಲಿಲ್ಲ. ಅದರ ನಡುವೆಯೇ ಒಂದು ಬೆಳಿಗ್ಗೆ, ಗಂಜಿಯ ಲೋಟ ಕೈಯಲ್ಲಿರುವಂತೆಯೇ, ಚಿಕ್ಕನರಸಯ್ಯ ಹೋದ.

ಭೀಮರಾಜು ದಾಸಯ್ಯನ ಮುಂದೆ ತಲೆ ತಗ್ಗಿಸಿ ನಿಂತ. ಕೇಳಿದ್ದು ಶ್ರೀಲತಾ. "ಚರ್ಮದ ಬಣ್ಣ ಹೋಗಿತ್ತು, ಅಷ್ಟೇ. ಅದುಕ್ಕೂ ಮೋಡಕ್ಕೂ ಏನ್ ಸಂಬಂಧ? ಅತ್ತೆ ಪಕ್ಕ ಮಡಗಾಕೆ ಬುಡಿ." ನಾನೂ ಅದನ್ನೇ ಹೇಳಿದೆ, ಗಂಟಲು ಹರಿಯುವಂತೆ ಹೇಳಿದೆ. ನೆರೆದವರು ನಮ್ಮನ್ನು ಬೈಯಲಿಲ್ಲ. ಸುಮ್ಮನೆ ಒಣಗಿದ ಹೊಲಗಳ ಕಡೆ ನೋಡಿದರು.

ದಾಸಯ್ಯ ಕೆಟ್ಟವನಲ್ಲ. ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತ. "ನಾನು ಹೂಂ ಅಂದ್ರೂ ಊರು ಬುಡಾಕಿಲ್ಲ ಕಣಮ್ಮ. ಇವತ್ತು ಹೂಳ್ತೀರಿ, ನಾಕ್ ದಿನಕ್ಕೆ ಬಂದು ಅಗೀತಾರೆ. ನಿಮ್ ಮಾವನ್ನ ಅಂಗೆ ನೋಡ್ತೀಯಾ?"

ಸುಟ್ಟೆವು. ಕಟ್ಟಿಗೆಗೆ ಬರವಿರಲಿಲ್ಲ, ಒಣಗಿದ ಮರಗಳಿಗೆ ಲೆಕ್ಕವೇ ಇಲ್ಲ.

ನಮ್ಮಲ್ಲಿ ಸುಡುವ ವಾಡಿಕೆ ಇಲ್ಲ. ಹಾಗಾಗಿ ಬೂದಿಯನ್ನು ಏನು ಮಾಡಬೇಕೆಂದು ಯಾರಿಗೂ ಸರಿಯಾಗಿ ತಿಳಿಯದು. ಹರಿಯುವ ನೀರಿಗೆ ಬಿಡಬೇಕು, ಅಲ್ಲಿಯ ತನಕ ಮನೆಯೊಳಗೆ ತರಬಾರದು ಅಂತ ಯಾರೋ ಹೇಳಿದರು. ಹೊಳೆಗೆ ಹೋದರೆ ಪಿನಾಕಿನಿಯಲ್ಲಿ ಬರೀ ಮರಳು. ಶ್ರೀರಂಗಪಟ್ಟಣಕ್ಕೆ ಒಯ್ದು ಕಾವೇರಿಗೆ ಬಿಡೋಣ ಅಂದ ಭೀಮರಾಜು. ಶ್ರೀಲತಾ ಒಪ್ಪಲಿಲ್ಲ. ನಮ್ಮ ಹೊಳೆಯೇ ಹರಿಯಲಿ, ಅತ್ತೆ ಇರುವ ಜಾಗದ ಪಕ್ಕದಲ್ಲೇ ಹಾದುಹೋಗಲಿ ಅಂದಳು. ಬೂದಿ ತುಂಬಿದ ಮಡಕೆಯ ಬಾಯಿಗೆ ಬಟ್ಟೆ ಕಟ್ಟಿ, ಸರಸಮ್ಮನನ್ನು ಹೂತ ಗುಡ್ಡೆಯ ಮೇಲಿನ ಬೇವಿನ ಕೊಂಬೆಗೆ ನೇತುಹಾಕಿದಳು. ಅದು ನೆಲಕ್ಕೆ ತಾಗುವುದಿಲ್ಲ, ಯಾರೂ ತಕರಾರು ಮಾಡುವಂತಿಲ್ಲ.

ಹುಬ್ಬೆ ಮಳೆಯೂ ಒಣಗಿ ಹೋಯಿತು, ಉತ್ತರೆ ಹುಟ್ಟಿದೆ. ನಿನ್ನೆ ದಾಸಯ್ಯ ಊರವರ ಮಾತು ಹೊತ್ತುಕೊಂಡು ಹೊಲಕ್ಕೆ ಬಂದಿದ್ದ. ಶ್ರೀಲತಾಳ ಜೊತೆ ನಾನೂ ಅಲ್ಲೇ ಇದ್ದೆ.

"ಅದುನ್ನ ಇಳ್ಸಿ ಕಳ್ಸಮ್ಮ. ಅದು ಇಲ್ಲಿರೋಗಂಟ ಮಳೆ ಬರಾಕಿಲ್ಲ ಅಂತಾವ್ರೆ."

"ಮಳೆ ಬಂದು ಹೊಳೆ ಹರುದ್ರೆ ಅವತ್ತೇ ಬುಡ್ತೀನಿ ದಾಸಣ್ಣ. ಮಳೆನೇ ಇಲ್ದೆ ಎಲ್ಲಿ ಬುಡ್ಲಿ?"

ಆಮೇಲೆ ಮೂವರೂ ಕುತ್ತಿಗೆ ಎತ್ತಿ ಮೇಲೆ ನೋಡುತ್ತಾ ನಿಂತೆವು. ಆಕಾಶ ಬೆಳ್ಳಗಿತ್ತು.