ಅತ್ತಿಗೆ ತಪ್ಪಿದ ಅಳತೆ

ಮೇಲ್ನೋಟಕ್ಕೆ ಅತ್ತಿಗೆಗೆ ಯಾರೂ ಹೆಚ್ಚು ಬೆಲೆ ಕಟ್ಟುವುದಿಲ್ಲ. ಎತ್ತರ ಕಡಿಮೆ, ಅಗಲ ಧಾರಾಳ. ಬಣ್ಣ ಅಲ್ಲಲ್ಲಿ ಮಾಸಿದೆ, ಹೊಲಿಗೆ ಮಾತ್ರ ಎಲ್ಲೂ ಬಿಟ್ಟಿಲ್ಲ. ಹೊಸ ಬೂಟಿನಂತೆ ಒಂದು ಕಿರುಗುಟ್ಟುವ ಸದ್ದು ಇದ್ದೇ ಇರುತ್ತದೆ; ಹಳತಾಗುತ್ತ ನಿಲ್ಲಬೇಕಿದ್ದ ಆ ಸದ್ದು ಇವರ ಮಾತಿನಲ್ಲಿ ವರ್ಷದಿಂದ ವರ್ಷಕ್ಕೆ ಏರಿದೆ. ವ್ಯಾಪಾರ ಬಲ್ಲವನು ಇಂಥ ಸರಕನ್ನು ಮುಂದಿನ ಗಾಜಿನ ಕಪಾಟಿನಲ್ಲಿ ಇಡುವುದಿಲ್ಲ. ಆದರೆ ಅಂಗಡಿಗೆ ಬೆಂಕಿ ಬಿದ್ದರೆ ಮೊದಲು ಎತ್ತಿಕೊಂಡು ಓಡುವುದು ಇದನ್ನೇ.

ಅತ್ತಿಗೆ ಕೆಲಸ ಮಾಡುವುದು ಮೈದುನನ ಚಪ್ಪಲಿ ಅಂಗಡಿಯ ಮಕ್ಕಳ ವಿಭಾಗದಲ್ಲಿ. ವಿಭಾಗ ಎಂದರೆ ಒಂದು ಗೋಡೆ, ಒಂದು ಕುಳ್ಳ ಸ್ಟೂಲು, ಅಷ್ಟೆ. ಇದನ್ನು ಬರೆಯುತ್ತಿರುವವನು ಆ ಮೈದುನನೇ. ಮುಂದೆ ಅವನನ್ನು ಅಂಗಡಿಯವನು ಎಂದರೆ ಸಾಕು, ಅದಕ್ಕಿಂತ ದೊಡ್ಡ ಬಿರುದು ಅವನಿಗೆ ಸಲ್ಲದು. ಅಣ್ಣ ತೀರಿಕೊಂಡ ಮೇಲೆ "ಸುಮ್ನೆ ಕೂತು ತಿನ್ನೋದು ನನ್ನ ಕೈಲಾಗಲ್ಲ" ಎಂದು ಅತ್ತಿಗೆ ಮಹಡಿಯ ಮನೆಯಿಂದ ಕೆಳಗಿನ ಅಂಗಡಿಗೆ ಇಳಿದು ಬಂದರು. ಆ ಸ್ಟೂಲನ್ನು ಇನ್ನೂ ಬಿಟ್ಟುಕೊಟ್ಟಿಲ್ಲ.

ಕಾಲಿನ ಅಳತೆಪಟ್ಟಿ ಅಂಗಡಿಯಲ್ಲಿದೆ. ಅತ್ತಿಗೆ ಅದರಿಂದ ಬೆನ್ನು ಕೆರೆದುಕೊಳ್ಳುತ್ತಾರೆ. ಅವರ ಅಳತೆಯೇನಿದ್ದರೂ ಹೆಬ್ಬೆರಳಿನದು: ಬೂಟು ತೊಡಿಸಿ, ತುದಿಯನ್ನು ಒತ್ತಿ, ಮಗು ಬೆಳೆಯಲು ಎಷ್ಟು ಜಾಗ ಉಳಿದಿದೆ ಎಂದು ನೋಡುವುದು. ದೀಪ ಮಿನುಗುವ ಬೂಟಿನ ಮೇಲೆ ಮನಸ್ಸಾದ ಮಕ್ಕಳು, ಅದು ಬಿಗಿಯಾದರೂ ಒಳಗೆ ಬೆರಳು ಮಡಚಿಕೊಂಡು "ಸರಿಯಾಗಿದೆ, ಸರಿಯಾಗಿದೆ" ಎನ್ನುತ್ತಾರೆ. ಅತ್ತಿಗೆ ಮೊಣಕಾಲಿನ ಹಿಂದೆ ಕಚಗುಳಿ ಇಡುತ್ತಾರೆ. ಬೆರಳು ತಾನಾಗಿ ಬಿಚ್ಚಿಕೊಳ್ಳುತ್ತದೆ, ಕಳ್ಳತನ ಬಯಲಾಗುತ್ತದೆ.

ಇಷ್ಟು ಜಾಣತನಕ್ಕೆ ತಕ್ಕ ಜಂಬವೂ ಉಂಟು. ಅಳತೆ ತಪ್ಪಿತೆಂದು ಅವರು ಯಾರ ಮುಂದೆಯೂ ಒಪ್ಪಿಕೊಂಡದ್ದಿಲ್ಲ. ಒಬ್ಬ ತಾಯಿ ಬೂಟು ವಾಪಸು ತಂದು ಜಗಳಕ್ಕೆ ನಿಂತಾಗ, "ಬೂಟು ಸರಿಯಾಗೇ ಇದೆ ಕಣಮ್ಮಾ, ನಿಮ್ಮ ಹುಡುಗನ ಕಾಲು ಸ್ವಲ್ಪ ಅವಸರ ಮಾಡಿದೆ" ಎಂದು ಹೇಳಿ ಕಳಿಸಿದವರು.

ಸಾಂಕ್ರಾಮಿಕ ಬಂದು ಅಂಗಡಿಯ ಷಟರ್ ಇಳಿಯಿತು. ರೋಗ ಮಹಡಿಯ ಮನೆಗೂ ಹತ್ತಿ ಬಂತು. ದೊಡ್ಡವರು ಮಲಗಿ ಎದ್ದರು. ಅಂಗಡಿಯವನ ಮಗಳು ಗುಬ್ಬಿ ಮಾತ್ರ ನಾಲ್ಕು ಸಲ ಸೀನಿ ಕುಣಿದಾಡಿಕೊಂಡಿದ್ದಳು. ಮಕ್ಕಳ ಡಾಕ್ಟರು ಫೋನಿನಲ್ಲಿ ಸ್ಪಷ್ಟವಾಗಿಯೇ ಹೇಳಿದ್ದರು: "ಮಕ್ಕಳಿಗೆ ಸಾಮಾನ್ಯವಾಗಿ ಏನೂ ಆಗಲ್ಲ. ಅಪರೂಪಕ್ಕೆ ಕೆಲವರಿಗೆ ಕೆಲವು ವಾರ ಕಳೆದ ಮೇಲೆ ಜೋರು ಜ್ವರ, ಹೊಟ್ಟೆನೋವು ಬರುತ್ತೆ. ಕಣ್ಣು ಕೆಂಪಾಗುತ್ತೆ, ಕೈಕಾಲು ಊದುತ್ತೆ. ಹಾಗೇನಾದ್ರೂ ಕಂಡ್ರೆ ಕಾಯಬೇಡಿ." ಅಂಗಡಿಯವನ ಕಿವಿಗೆ ಬಿದ್ದದ್ದು ಅಪರೂಪ ಎಂಬ ಒಂದೇ ಮಾತು. ಅಪರೂಪದ ಸರಕನ್ನು ಅವನು ಯಾವತ್ತೂ ಮೇಲಿನ ಅಟ್ಟಕ್ಕೆ ಹಾಕುವವನು. ಇದನ್ನೂ ಅಲ್ಲಿಗೇ ಹಾಕಿದ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಮುಚ್ಚಿದ ಅಂಗಡಿಯಲ್ಲಿ ಅತ್ತಿಗೆಗೂ ಗುಬ್ಬಿಗೂ ದಿನವೂ ಒಂದೇ ಆಟ: ಗುಬ್ಬಿ ಗಿರಾಕಿ, ಅವಳ ದೊಡ್ಡಮ್ಮ ವ್ಯಾಪಾರಿ. ಹೀಗೆ ಮೂರ್ನಾಲ್ಕು ವಾರ ಕಳೆದ ಮೇಲೆ ಒಂದು ಸಂಜೆ ಗಿರಾಕಿ ಯಾಕೋ ಮಂಕಾಗಿದ್ದಳು. ಅವಳ ಮಾಮೂಲು ಸ್ಯಾಂಡಲ್ಲು ಕಾಲಿಗೆ ಹತ್ತಲೇ ಇಲ್ಲ.

"ನೋಡಪ್ಪಾ, ಕೂಡಿ ಹಾಕಿದ್ರೂ ನನ್ನ ಮಗಳು ಹೇಗೆ ಬೆಳೆದಿದಾಳೆ!" ಅತ್ತಿಗೆ ಮೆಟ್ಟಿಲ ಮೇಲೆ ಕೂತಿದ್ದ ಅಂಗಡಿಯವನಿಗೆ ಕೂಗಿ ಹೇಳಿದರು. ಒಂದು ಸೈಜು ದೊಡ್ಡದನ್ನು ತೆಗೆದು ತೊಡಿಸಿದರು.

"ಬೆಳೀಲಿ ಬಿಡಿ ಅತ್ತಿಗೆ. ವ್ಯಾಪಾರ ಇಲ್ಲದಿದ್ರೂ ನೀವು ಸರಕು ಖಾಲಿ ಮಾಡ್ತೀರಲ್ಲ, ಅದೇ ಸಂತೋಷ."

"ನಿನ್ನ ಜಿಪುಣತನಕ್ಕೆ ಮಾತ್ರ ಯಾವ ರೋಗವೂ ಬರಲ್ಲ ನೋಡು."

ಬೆಳಗಾಗುವಷ್ಟರಲ್ಲಿ ಗುಬ್ಬಿಯ ಮೈ ಕೆಂಡದಂತಿತ್ತು. ಹೊಟ್ಟೆ ಹಿಡಿದುಕೊಂಡು ಮುಲುಗುತ್ತಿದ್ದಳು. ಆಸ್ಪತ್ರೆಗೆ ಹೋಗೋಣವೇ ಎಂದು ಹೆಂಡತಿ ಕೇಳಿದ್ದಕ್ಕೆ ಅಂಗಡಿಯವನು ಮನಸ್ಸಿನಲ್ಲೇ ತಕ್ಕಡಿ ಹಿಡಿದು ನಿಂತ. ಆಸ್ಪತ್ರೆಯ ಕಾರಿಡಾರಿನ ಉದ್ದಕ್ಕೂ ರೋಗಿಗಳು ಮಲಗಿದ್ದಾರೆಂಬ ಸುದ್ದಿ ಇತ್ತು, ಅದು ಸುಳ್ಳೂ ಅಲ್ಲ.

"ಮಕ್ಕಳಿಗೆ ಜ್ವರ ಬರೋದು ಹೊಸದಾ? ಡಾಕ್ಟ್ರು ಏನೋ ಒಂದು ಹೇಳಿದ್ರು, ಆದ್ರೆ ಅದು ತೀರಾ ಅಪರೂಪವಂತೆ. ಇಲ್ಲದ ರೋಗ ಹುಡುಕ್ಕೊಂಡು ಇರೋ ರೋಗದ ಬಾಯಿಗೆ ಮಗೂನ ತಗೊಂಡು ಹೋಗೋದಾ?"

"ಏನೋ ಒಂದು ಅಂದ್ರೆ ಏನು ರೀ?" ಎಂದಳು ಹೆಂಡತಿ.

ಆಗ ಅವನು ಅಟ್ಟದಿಂದ ಒಂದೊಂದೇ ಇಳಿಸಿದ: ಜ್ವರ, ಹೊಟ್ಟೆನೋವು, ಕೆಂಪು ಕಣ್ಣು, ಊದಿದ ಕೈಕಾಲು.

ಅತ್ತಿಗೆ ಹಾಸಿಗೆಯ ಕಾಲ್ದೆಸೆಯಲ್ಲಿ ಕೂತಿದ್ದರು. ಗುಬ್ಬಿಯ ಪಾದವನ್ನು ತೊಡೆಯ ಮೇಲೆಳೆದುಕೊಂಡು, ಮೇಲ್ಭಾಗವನ್ನು ಹೆಬ್ಬೆರಳಿನಿಂದ ಒತ್ತಿ ಬಿಟ್ಟರು. ಒತ್ತಿದ ಗುಳಿ ಹಾಗೇ ಉಳಿಯಿತು. ಇನ್ನೊಂದು ಪಾದವನ್ನೂ ಒತ್ತಿ ನೋಡಿದರು, ಅಲ್ಲೂ ಹಾಗೇ.

"ನಾನು ಅಳತೆ ತಪ್ಪಿದೆ" ಎಂದರು.

ಜ್ವರಕ್ಕೆ ಹೆದರದಿದ್ದ ಅಂಗಡಿಯವನು ಆ ಮಾತಿಗೆ ಹೆದರಿದ.

"ಇದು ಬೆಳೆದಿದ್ದಲ್ಲ ಕಣೋ, ಊದಿದ್ದು. ನಿನ್ನೆ ಸಂಜೆನೇ ಊದಿತ್ತು. ನಾನು ಮುಂಡೇದು, ಸೈಜು ಬದಲಾಯಿಸಿ ಬೀಗಿದೆ."

"ಆದ್ರೂ ಅತ್ತಿಗೆ, ಅಪರೂಪ ಅಂತ ಅವರೇ..."

"ಒಂದು ಕಾಲು ದೊಡ್ಡದು ಒಂದು ಚಿಕ್ಕದು ಇರೋ ಗಿರಾಕಿ ಅಪರೂಪ. ಅಂಥವರು ಬರ್ತಾರೆ ಅಂತ ಅಂಗಡಿ ತುಂಬಾ ಒಂಟಿ ಬೂಟು ತುಂಬಿಸಿಡು ಅಂದ್ರೆ ಬೇಡ ಅನ್ನು, ಒಪ್ಕೋತೀನಿ. ಆದ್ರೆ ಆ ಗಿರಾಕಿ ಬಂದು ಬಾಗಿಲಲ್ಲಿ ನಿಂತಿರುವಾಗ, ನೀವು ಅಪರೂಪ, ಆದ್ದರಿಂದ ನೀವು ಬಂದೇ ಇಲ್ಲ ಅಂತೀಯಾ? ಫೋನ್ ಮಾಡು ಡಾಕ್ಟ್ರಿಗೆ!"

ಡಾಕ್ಟರು ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ. "ಇನ್ನೂ ಮನೇಲೇ ಇದೀರಾ? ಹೊರಡಿ ಮೊದಲು."

ಆಸ್ಪತ್ರೆಯಲ್ಲಿ ಮಕ್ಕಳಿಗೆಂದೇ ಹಿಂಬದಿಯಲ್ಲಿ ಬೇರೆ ಬಾಗಿಲಿತ್ತು. ಅಂಗಡಿಯವನು ಹೆದರಿದ್ದ ಕಾರಿಡಾರನ್ನು ಗುಬ್ಬಿ ಕಣ್ಣಿನಿಂದ ಕೂಡ ನೋಡಲಿಲ್ಲ. ತಾಯಿಗೆ ಮಾತ್ರ ಒಳಗೆ ಹೋಗಲು ಬಿಟ್ಟರು. ಹೊರಗಿನ ಕಲ್ಲುಬೆಂಚಿನ ಈ ತುದಿಯಲ್ಲಿ ಅಂಗಡಿಯವನು, ಆ ತುದಿಯಲ್ಲಿ ಅತ್ತಿಗೆ.

"ನಾನು ನಿನ್ನೆ ಬೀಗದಿದ್ರೆ ನಿನ್ನೇನೇ ಕರ್ಕೊಂಡು ಬರ್ತಿದ್ವಿ" ಎಂದರು ಅತ್ತಿಗೆ.

"ಡಾಕ್ಟ್ರು ಹೇಳಿದ್ದನ್ನ ನಾನು ನಿಮಗೆ ಹೇಳಿದ್ರೆ ನೀವು ಬೀಗ್ತಿರಲಿಲ್ಲ."

"ಅದೂ ನಿಜ. ನಿನ್ನ ತಪ್ಪೇ ಒಂದು ಸೈಜು ದೊಡ್ಡದು." ಹಾಗೆನ್ನುತ್ತ ಸೆರಗಿನಿಂದ ಕಣ್ಣೊರೆಸಿಕೊಂಡರು.

ಗುಬ್ಬಿಯ ಹೃದಯಕ್ಕೂ ಆ ಬಾಧೆ ತಟ್ಟಲು ಶುರುವಾಗಿತ್ತು. ರಕ್ತನಾಳಕ್ಕೆ ಔಷಧಿ ಹನಿಸಿದರು, ಮತ್ತೆ ಮತ್ತೆ ಸ್ಕ್ಯಾನ್ ಮಾಡಿದರು. ಊತ ಇಳಿಯಿತು, ಜ್ವರ ಇಳಿಯಿತು. ಕೊನೆಗೊಂದು ದಿನ ಹಸಿವು ಎಂದು ರಂಪ ಮಾಡಿದಳು, ಆಗ ಡಾಕ್ಟರೇ ನಕ್ಕು, "ಸರಿಯಾದ ಹೊತ್ತಿಗೆ ತಂದ್ರಿ. ಇನ್ನಷ್ಟು ತಡ ಮಾಡಿದ್ರೆ ಕಷ್ಟವಿತ್ತು" ಎಂದರು.

ಇಷ್ಟಕ್ಕೇ ಮುಗಿದಿದ್ದರೆ ಅತ್ತಿಗೆಗೆ ಸಲ್ಲಬೇಕಾದ ಲೆಕ್ಕ ಅರ್ಧವೇ ಆಗುತ್ತಿತ್ತು. ಮನೆಗೆ ಬಂದ ಅಂಗಡಿಯವನು ಈಗ ತಕ್ಕಡಿಯ ಇನ್ನೊಂದು ಕಡೆಗೆ ವಾಲಿದ. ಶಾಲೆ ತೆರೆಯಿತು, ಕಳಿಸಲಿಲ್ಲ. ಎದುರು ಮನೆಯ ಮಕ್ಕಳು ಬೀದಿಗಿಳಿದರು, ಇವನು ಕಿಟಕಿ ಹಾಕಿದ. ಹೃದಯ ಪೂರ್ತಿ ಸರಿಯಾಗಿದೆ, ಆಡಲು ಬಿಡಿ ಎಂದು ಡಾಕ್ಟರು ಹೇಳಿದರೂ ಮಗಳು ಕೆಮ್ಮಿದರೆ ಇವನು ಥರ್ಮಾಮೀಟರು ಹಿಡಿದು ಓಡಿ ಬರುತ್ತಿದ್ದ. ಗುಬ್ಬಿ ಕಿಟಕಿಯ ಸಂದಿಗೆ ಮೂಗು ಒತ್ತಿ ಕೂರುವುದನ್ನು ಅತ್ತಿಗೆ ಕೆಲವು ದಿನ ನೋಡಿದರು. ಆಮೇಲೆ ತಡೆದುಕೊಳ್ಳಲಿಲ್ಲ.

"ಅವತ್ತು ಅಪರೂಪ ಅಂದ್ರೆ ಬರೋದೇ ಇಲ್ಲ ಅಂದೆ. ಇವತ್ತು ದಿನಾ ಬರುತ್ತೆ ಅಂತೀಯ. ಎರಡೂ ತಪ್ಪು ಕಣೋ. ಅಪರೂಪ ಅಂದ್ರೆ ಅಪರೂಪಾನೇ. ಕಣ್ಣಿಟ್ಟಿರೋಣ. ಆದ್ರೆ ಹೀಗೆ ಕೂಡಿ ಹಾಕಿದ್ರೆ ಆಗೋ ನಷ್ಟ ಅಪರೂಪ ಅಲ್ಲ, ಅದು ಎದುರಿಗೇ ಕೂತಿದೆ ನೋಡು."

"ಏನಾದ್ರೂ ಆದ್ರೆ ಅತ್ತಿಗೆ?"

"ಆದ್ರೆ ನಾನಿದೀನಿ, ನೀನಿದೀಯ, ಡಾಕ್ಟ್ರಿದಾರೆ. ಏಳು, ಬಾಗಿಲು ತೆಗಿ."

ಅಂಗಡಿಯವನು ಬಾಗಿಲು ತೆಗೆದ. ಗುಬ್ಬಿ ಬೀದಿಗೆ ಓಡಿದಳು. ಬಿದ್ದು ಮೊಣಕಾಲು ತರಚಿಕೊಂಡು, ಅಳದೆ ಎದ್ದು ಮತ್ತೆ ಓಡಿದಳು. ಅವನು ಹೊಸ್ತಿಲ ಮೇಲೆಯೇ ನಿಂತಿದ್ದ, ಅತ್ತಿಗೆ ಅವನ ತೋಳು ಹಿಡಿದಿದ್ದರು.

ನನ್ನ ಮಗಳು ಬದುಕಿ ಉಳಿದದ್ದು ಅತ್ತಿಗೆಯಿಂದ. ಬದುಕಿದವಳು ಬೀದಿಯಲ್ಲಿ ಓಡಾಡಿಕೊಂಡಿರುವುದೂ ಅತ್ತಿಗೆಯಿಂದಲೇ. ಈ ಎರಡು ಋಣ ನನ್ನ ಮೇಲಿದೆ.