ಎರಡು ಸೆಕೆಂಡಿನ ಸೀಟು

ನಮ್ಮ ಭಾವ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಊರಿನ ಅರ್ಧ ಜನಕ್ಕೆ ಕ್ಲಚ್ ಬಿಡುವುದನ್ನು ಕಲಿಸಿದ ಪುಣ್ಯಾತ್ಮರು, ತಾವು ಮಾತ್ರ ಜೀವಮಾನವಿಡೀ ಪಕ್ಕದ ಸೀಟಿನಲ್ಲೇ ಕೂತರು. ಕಾಲಡಿಯಲ್ಲಿ ಮೇಷ್ಟ್ರಿಗೆಂದೇ ಇನ್ನೊಂದು ಬ್ರೇಕ್, ಬಾಯಲ್ಲಿ "ನಿಧಾನ, ನಿಧಾನ". ಅಕ್ಕ ತಟ್ಟೆಗೆ ಬಡಿಸುವಾಗಲೂ ಅದೇ ಮಾತು, ಅದಕ್ಕೇ ಅವಳು ಬೇಕೆಂದೇ ಬೇಗ ಬೇಗ ಬಡಿಸುತ್ತಿದ್ದಳು.

ಸ್ಕೂಲಿನ ಹಳೇ ಕಾರು ಗುಜರಿಗೆ ಹೊರಟಾಗ ಭಾವ ಅದನ್ನು ಮನೆಗೆ ತಂದರು. ಊರಾಚೆಯ ರೇಸ್ ಟ್ರ್ಯಾಕ್ ತಿಂಗಳಿಗೊಂದು ಭಾನುವಾರ ನಮ್ಮಂಥವರಿಗೂ ತೆರೆದಿರುತ್ತದೆ. ಯಾರು ಬೇಕಾದರೂ ಸ್ವಂತ ಕಾರು ಓಡಿಸಬಹುದು. ಕಾಸಿದ್ದವರು ಇಂಜಿನ್ನಿನ ಶಕ್ತಿ ಹೆಚ್ಚಿಸುತ್ತಾರೆ, ಇಲ್ಲದವರು ಕಾರಿನ ತೂಕ ಇಳಿಸುತ್ತಾರೆ. ಕಳಚುವುದಕ್ಕೆ ಖರ್ಚಿಲ್ಲವಲ್ಲ! ಹಿಂದಿನ ಸೀಟು, ಮ್ಯಾಟು, ಸ್ಟೆಪ್ನಿ ಎಲ್ಲ ಹೊರಬಿದ್ದವು. ಮೇಷ್ಟ್ರ ಬ್ರೇಕ್ ಕಿತ್ತಾಗ ಭಾವನ ಮುಖ ನೋಡಬೇಕಿತ್ತು, ಜೈಲಿನಿಂದ ಬಿಟ್ಟ ಹಾಗಿತ್ತು. ಕೊನೆಗೆ ಪಕ್ಕದ ಸೀಟನ್ನೂ ಕಿತ್ತರು.

ಅದನ್ನು ಎಸೆಯಲು ಅಕ್ಕ ಬಿಡಲಿಲ್ಲ. ಕೆಳಗೆ ಮರದ ಚೌಕಟ್ಟು ಹೊಡೆಸಿ ಕಿಟಕಿಯ ಬಳಿ ಇಟ್ಟುಕೊಂಡಳು. ತರಕಾರಿ ಹೆಚ್ಚುವುದು, ಫೋನಿನಲ್ಲಿ ನನ್ನ ಹತ್ತಿರ ಗಂಡನ ಮೇಲೆ ದೂರು ಹೇಳುವುದು, ಎಲ್ಲ ಅದರಲ್ಲೇ ಕೂತು.

"ಒಂದೇ ಒಂದು ರೌಂಡು ನನ್ನನ್ನೂ ಕರ್ಕೊಂಡು ಹೋಗ್ರೀ," ಅನ್ನುತ್ತಿದ್ದಳು. ದಿನದ ಕೊನೆಯ ಸರದಿಯಲ್ಲಿ ಮನೆಯವರನ್ನು ಕೂರಿಸಿಕೊಳ್ಳಲು ಟ್ರ್ಯಾಕಿನವರು ಬಿಡುತ್ತಿದ್ದರು.

"ಆ ಸೀಟು ಹಾಕಿದ್ರೆ ರೌಂಡಿಗೆ ಎರಡು ಸೆಕೆಂಡ್ ಹೋಗುತ್ತೆ ಕಣೇ."

"ನನ್ನ ತೂಕಾನೂ ಸೇರಿಸಿ ಹೇಳಿದ್ರಾ?"

"ಅದನ್ನ ಹೇಳಿದ್ರೆ ನಂಗೆ ಊಟ ಸಿಗಲ್ಲ. ಮುಂದಿನ ತಿಂಗಳು ನೋಡೋಣ."

ನಾಳೆ ಅಂದವನ ಮನೆ ಹಾಳು ಅನ್ನುತ್ತಾರೆ. ಇವರದು ತಿಂಗಳ ವಾಯಿದೆ.

ಆಮೇಲೆ ಅಕ್ಕನ ಹೃದಯ ಕೈಕೊಟ್ಟಿತು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಆ ಸೀಟನ್ನೇ ಅರ್ಧ ಒರಗಿಸಿಕೊಂಡು ನಿದ್ದೆ ಮಾಡುತ್ತಿದ್ದಳು. ಭಾವ ನೆಲದ ಮೇಲೆ ಕೂತು ಅವಳ ಊದಿದ ಕಾಲು ನೀವುತ್ತಿದ್ದರು.

"ಈ ಭಾನುವಾರಾನೇ ಸೀಟು ಕಾರಿಗೆ ಹಾಕ್ತೀನಿ. ಹೋಗೋಣ," ಅಂದರು.

"ಈಗ ಹಾಕಿದ್ರೆ ನಾನೆಲ್ಲಿ ಮಲಗ್ಲಿ?" ಅಂದಳು ಅಕ್ಕ, ನಗುತ್ತಲೇ.

ಕೆಲವೇ ದಿನಗಳಲ್ಲಿ, ಅದೇ ಸೀಟಿನಲ್ಲಿ, ಬೆಳಗಿನ ಕಾಫಿ ಆರುವ ಮೊದಲೇ ಹೋಗಿಬಿಟ್ಟಳು. ನನಗೆ ದುಃಖಕ್ಕಿಂತ ಮೊದಲು ಕೋಪ ಬಂತು. ಸುಡುಗಾಡು ಎರಡು ಸೆಕೆಂಡ್! ಭಾವನ ಜೊತೆ ಎಷ್ಟೋ ದಿನ ಮಾತೇ ಆಡಲಿಲ್ಲ.

ಒಂದು ಭಾನುವಾರ ಅವರೇ ಕರೆದರು. "ಬಾರೋ, ಒಂದು ಕೈ ಹಿಡಿ." ಇಬ್ಬರೂ ಸೇರಿ ಸೀಟನ್ನು ಕಾರಿಗೆ ಬಿಗಿದೆವು. ಅದು ಇನ್ನೂ ಅಕ್ಕ ಒರಗಿಸಿಕೊಂಡ ಹಾಗೆಯೇ ಇತ್ತು. ನೆಟ್ಟಗೆ ಮಾಡಲು ಕೈ ಚಾಚಿದೆ.

"ಅದನ್ನ ಮುಟ್ಬೇಡ," ಅಂದರು ಭಾವ.

ಟ್ರ್ಯಾಕಿನಲ್ಲಿ ಖಾಲಿ ಸೀಟಿಗೆ ತಾವೇ ಬೆಲ್ಟ್ ಹಾಕಿದರು. ನಾನು ಗೋಡೆಯ ಬಳಿ ಸ್ಟಾಪ್‌ವಾಚ್ ಹಿಡಿದು ನಿಂತೆ. ಅಷ್ಟು ಚೆನ್ನಾಗಿ ಅವರು ಎಂದೂ ಓಡಿಸಿರಲಿಲ್ಲ. ಒಂದು ತಿರುವಿನಲ್ಲೂ ತಪ್ಪಲಿಲ್ಲ. ಮುಗಿಸಿ ಬಂದು ಕಾರು ನಿಲ್ಲಿಸಿದರು.

"ಎಷ್ಟು ಬಂತು?"

"ಎರಡು ಸೆಕೆಂಡ್ ಜಾಸ್ತಿ, ಭಾವ."

ಹೆಲ್ಮೆಟ್ ತೆಗೆದು ಮಡಿಲಲ್ಲಿಟ್ಟುಕೊಂಡರು.

"ಅಷ್ಟೇನಾ?" ಅಂದರು. "ಅಷ್ಟೇನಾ ಕಣೋ?"

ಪಕ್ಕದ ಸೀಟಿನ ಬೆಲ್ಟ್ ಬಿಚ್ಚಲು ಹೋದರು. ಬಿಚ್ಚಲಾಗದೆ, ಅದನ್ನೇ ಹಿಡಿದುಕೊಂಡು ಅಳತೊಡಗಿದರು.